ಮೂರು ನೂಲು

ಕಿನ್ನರದ ತಿರುವಿನಲ್ಲಿ ಯಾರೋ ಪುಣ್ಯಾತ್ಮರು
ರಾತ್ರೋರಾತ್ರಿ ಹಾಕಿಸಿದ ರಸ್ತೆಯುಬ್ಬು.
ಜೀಪು ದಾಟಿತು. ಹಿಂದೆ ಬಂದ ನಮ್ಮ ಪುಟ್ಟ ಗಾಡಿಮನೆ
ಹೊಟ್ಟೆ ಉಜ್ಜಿಕೊಂಡು ಕರ್ರೆಂದಿತು,
ನೀರಿನ ಪೈಪನ್ನು ಅಲ್ಲೇ ಬಿಟ್ಟು ಬಂತು.
"ಹೋಯ್ತು" ಅಂದೆ.
"ಹೋಗಿದ್ದು ಪೈಪು" ಅಂದಳು ಕುಮುದ.

ಬೈತಖೋಲದ ದಕ್ಕೆಯ ಹಿಂದೆ ಕಾಯ್ತಾನನ ಶೆಡ್ಡು.
ಮೂವತ್ತು ವರ್ಷ ಟ್ರಾಲರುಗಳ ತಳಕ್ಕೆ ತೇಪೆ ಹಾಕಿದವ,
ಚಕ್ರವಿರುವ ಯಾವುದನ್ನೂ
ಕೊಂಚ ಅನುಮಾನದಿಂದಲೇ ನೋಡುವವ.
ಅಂಗಾತ ಮಲಗಿ ಒಳಗೆ ತೂರಿದ. ಕಾಲು ಮಾತ್ರ ಹೊರಗೆ,
ಆ ಕಾಲುಗಳೇ ಮಾತಾಡಿದ ಹಾಗೆ:
"ದೋಣಿಗಾದ್ರೆ ಭರತ ಬರೂತನಕ ಕಾಯಬಹುದು,
ರಸ್ತೆಗೆ ಭರತ ಬರೂದಿಲ್ಲ ಮಾರಾಯ್ರೆ.
ಇದನ್ನೇ ಎತ್ಬೇಕು."

ಅಚ್ಚಿನ ಕೆಳಗೆ ಜೋತಿದ್ದವು ಕಮಾನುಪಟ್ಟಿಗಳು.
ಬಿಚ್ಚಿ ಅಚ್ಚಿನ ಮೇಲೆ ಕೂರಿಸಿದರೆ
ಅದೇ ಸಾಮಾನಿನಲ್ಲಿ ಐದಿಂಚು.
"ಹಾಗಾದರೆ ಅಚ್ಚನ್ನೇ ಮಗುಚಿಬಿಡು" ಅಂದೆ, ತಿಳಿದವನ ಹಾಗೆ.
ಹೊರಗೆ ಬಂದು ನನ್ನ ಮುಖ ನೋಡಿದ. ದಾರ ಎಳೆದು ತೋರಿಸಿದ:
ನಡುವೆ ಕಂಡೂ ಕಾಣದಷ್ಟು ಉಬ್ಬು, ಬೇಕೆಂದೇ ಬಗ್ಗಿಸಿದ್ದು,
ಹೊರೆ ಬಿದ್ದಾಗಷ್ಟೇ ಅದು ನೆಟ್ಟಗಾಗುವುದು.
ಮಗುಚಿದರೆ ಚಕ್ರಗಳ ತಲೆ ಒಳಕ್ಕೆ ವಾಲಿ
ಟೈರುಗಳು ಒಳಮೈಯಲ್ಲೇ ಸವೆದು ಸಾಯುತ್ತವೆ.
"ಅಚ್ಚು ಇದ್ದ ಹಾಗೇ ಇರ್ಲಿ. ಪೀಠ ಮಾತ್ರ ಹೊಸದು."

ಎರಡು ದಿನ ಗ್ರೈಂಡರಿನ ಕಿಡಿ.
ತುಕ್ಕು ಹಿಡಿದ ಯು-ಬೋಲ್ಟಿಗೆ ಡೀಸೆಲ್ಲು ಕುಡಿಸಿ,
ಪಾನಕ್ಕೆ ಪೈಪು ತೊಡಿಸಿ, ಇಬ್ಬರೂ ಜಗ್ಗಿ,
ಕೊನೆಗೆ ಗ್ಯಾಸಿನಲ್ಲಿ ಕತ್ತರಿಸಿದ್ದಾಯಿತು.
ಉಪ್ಪುಗಾಳಿ ಯಾರ ನಟ್ಟನ್ನೂ ಬಿಡುವುದಿಲ್ಲ.
ಬಂಗಡೆ ಲಾರಿಗಳು ಐಸುನೀರು ಸುರಿಸುತ್ತ ಹಾದುಹೋದವು.
ಜೀಪಿನ ಕೊಂಡಿಯನ್ನೂ ಎತ್ತಬೇಕಾಯಿತು, ಅದು ಬೇರೆ ಲೆಕ್ಕ.
ಮೂರನೆಯ ಸಂಜೆ ಜಾಕಿ ಇಳಿಸಿದಾಗ
ಗಾಡಿಮನೆ ಎದ್ದು ನಿಂತಿತ್ತು,
ಮೊಣಕಾಲತನಕ ಸೀರೆಯೆತ್ತಿ
ಹಳ್ಳ ದಾಟಲು ನಿಂತವಳ ಹಾಗೆ.
ಅಡಿಯಲ್ಲಿ ದಕ್ಕೆಯ ನಾಯಿಯೊಂದು ಆಗಲೇ ಮಲಗಿತ್ತು.

ಬಾಗಿಲ ಮೆಟ್ಟಿಲೂ ಐದಿಂಚು ಮೇಲೆ ಹೋಗಿತ್ತು.
ನನಗೆ ಹೊಳೆದದ್ದು ಕುಮುದ ಅದರೆದುರು ನಿಂತಾಗ.
ಏಳನೆಯ ವಯಸ್ಸಿನ ಜ್ವರ ಗಿಡ್ಡವಾಗಿಸಿದ ಎಡಗಾಲು,
ಕೋಡಿಬಾಗದ ವಿಠೋಬ ಹೊಲಿದು ಕೊಡುವ ಚಪ್ಪಲಿ,
ಒಂದೂವರೆ ಇಂಚಿನ ಅಟ್ಟೆ.
ನಾನು ಕೈ ಚಾಚಿದೆ. ಅವಳು ನೋಡಲಿಲ್ಲ.
ಮೀನಿನ ಕ್ರೇಟೊಂದನ್ನು ಕಾಲಲ್ಲೇ ದೂಡಿ,
ಬೋರಲು ಹಾಕಿ ಹತ್ತಿದಳು.
ಒಳಗೆ ನಡೆದಾಡಿದ ಸಪ್ಪಳ, ಟಕ್ ದಬ್, ಟಕ್ ದಬ್.
ನಿಂತಿತು.
"ಎಡಕ್ಕೆ ವಾಲಿದೆ."

ಕಾಯ್ತಾನ್ ನಕ್ಕ. ಸೀಸೆಗೆ ನೀರು ತುಂಬಿ ನೆಲದ ಮೇಲೆ ಮಲಗಿಸಿದ.
ಗುಳ್ಳೆ ನಡುವೆಯೇ ಇತ್ತು, ಹೆಚ್ಚುಕಮ್ಮಿ.
"ಹೆಚ್ಚುಕಮ್ಮಿ ನನಗೆ ಸಾಕಾಗೂದಿಲ್ಲ,
ಐವತ್ತು ವರ್ಷ ಆಯ್ತು ನೆಲ ಅಳೀಲಿಕ್ಕೆ ಹತ್ತಿ."
ಟೇಪು ಹಿಡಿದ. ಬಲಗಡೆ. ಎಡಗಡೆ.
ಮತ್ತೊಮ್ಮೆ ಬಲಗಡೆ.
ಮೂರು ನೂಲು.
ಎಡಗಡೆಯ ಕಟ್ಟಿನಲ್ಲಿ ಎರಡನೆಯ ಪಟ್ಟಿ,
ಹೊಸ ಬಣ್ಣದಡಿಯಲ್ಲಿ ಉಗುರಿನಷ್ಟು ಬಿರುಕು.
ಕಾಯ್ತಾನ್ ಮುಖದ ಗಾಜು ಎತ್ತಿ ಎದೆಯ ಮೇಲೆ ಶಿಲುಬೆ ಗೀರಿಕೊಂಡ.
ಘಟ್ಟದಲ್ಲಿ ಮುರಿದಿದ್ದರೆ, ಎಂದು ಯಾರೂ ಹೇಳಲಿಲ್ಲ.

"ಬಾಯೀ, ನಿಮ್ಮ ಅಟ್ಟೆ ಯಾವ ರಬ್ಬರಿಂದು?"
"ಲಾರಿ ಟೈರು. ಎರಡು ವರ್ಷ ಬರ್ತದೆ."
"ಅಂಚು ಯಾವ ಬದಿ ಸವೀತದೆ?"
"ಒಳಗಿನದು."
ಹೌದು ಹೌದು ಎಂದು ತಲೆಯಾಡಿಸಿದ.
ಇಬ್ಬರು ಕಸುಬುದಾರರ ಮಾತು.
ನಾನು ಚಹಾ ತರಲು ಹೋದೆ.

ಒಡೆದ ಟ್ರಾಲರಿನ ಏಣಿಯಿಂದ ಒಂದು ಮೆಟ್ಟಿಲು ಕತ್ತರಿಸಿ
ಬಾಗಿಲಿಗೆ ಬೆಸೆದು ಕೊಟ್ಟ. ಅಳತೆ ತೆಗೆದದ್ದು ಎಡಗಾಲಿಗೆ.

ಮರುವಾರ ಕದ್ರಾ ಕಡೆ ಹೊರಟೆವು.
ಕಿನ್ನರದ ತಿರುವು. ಇಬ್ಬರೂ ಉಸಿರು ಹಿಡಿದೆವು.
ಜೀಪು ಹತ್ತಿತು, ಇಳಿಯಿತು.
ಆಮೇಲೆ ಏನೂ ಕೇಳಲಿಲ್ಲ.
ಒಟ್ಟಿಗೇ ಹಿಂತಿರುಗಿ ನೋಡಿದೆವು,
ಗಾಡಿ ಬರುತ್ತಿದೆಯೋ ಇಲ್ಲವೋ ಎಂದು.